ದೋಣಿಯ ಬುತ್ತಿ

ಹಾಯಿದೋಣಿಗೆ ದೂರದ ಭಯವಿರಲಿಲ್ಲ. ಗಾಳಿ ಬೀಸಿದಷ್ಟು ದಿನ ಅದು ನಡೆಯುತ್ತಿತ್ತು. ಗಾಳಿ ನಿಂತರೆ ತಾನೂ ನಿಂತು ಕಾಯುತ್ತಿತ್ತು. ಕುಡಿಯುವ ನೀರು ಮುಗಿದೀತು, ಅಕ್ಕಿ ಮುಗಿದೀತು ಎಂಬ ಚಿಂತೆ ಅದರೊಳಗಿನ ಜನಕ್ಕಿತ್ತೇ ಹೊರತು, ದೋಣಿಗೇ ಉಣ್ಣಿಸಬೇಕೆಂಬ ಚಿಂತೆ ಯಾರಿಗೂ ಇರಲಿಲ್ಲ. ದೋಣಿಯ ಹೊಟ್ಟೆಯಲ್ಲಿ ಯಂತ್ರ ಬಂದು ಕುಳಿತ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಯಂತ್ರದ ದೋಣಿ ದೂರ ಹೋಗಬೇಕಾದರೆ ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಹೋಗುವ ದಾರಿಗಿಷ್ಟು, ಬರುವ ದಾರಿಗಿಷ್ಟು, ಬಿರುಗಾಳಿ ಎದುರಾದರೆ ಇರಲೆಂದು ಮತ್ತಿಷ್ಟು. ಹೀಗೆ ಕಟ್ಟಿಕೊಂಡ ಬುತ್ತಿಯನ್ನು ಹೊರುವುದಕ್ಕೂ ಬುತ್ತಿಯೇ ಖರ್ಚಾಗುತ್ತದೆ ಎಂಬುದು ಇದರಲ್ಲಿನ ತಮಾಷೆ. ಭಾರ ಹೆಚ್ಚಿದಂತೆ ದೋಣಿ ನೀರಿನಲ್ಲಿ ಇಳಿಯುತ್ತದೆ, ಇಳಿದಂತೆ ನಡಿಗೆ ನಿಧಾನವಾಗುತ್ತದೆ, ಎಣ್ಣೆ ಇನ್ನಷ್ಟು ಬೇಕಾಗುತ್ತದೆ.

ಈ ತೊಡಕನ್ನು ಮೊದಲು ಮೈಮೇಲೆ ಎಳೆದುಕೊಂಡವರಲ್ಲಿ ಒಬ್ಬ ತಂದೆ, ಒಬ್ಬ ಮಗ ಇದ್ದರು. 1902ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಿಂದ ‘ಅಬಿಯಲ್ ಅಬಟ್ ಲೋ’ ಎಂಬ 38 ಅಡಿ ಉದ್ದದ ದೋಣಿಯನ್ನು ಕಪ್ತಾನ ವಿಲಿಯಂ ನ್ಯೂಮನ್ ಎಂಬಾತ ತನ್ನ ಹದಿನಾರು ವರ್ಷದ ಮಗನೊಡನೆ ಅಟ್ಲಾಂಟಿಕ್ ಸಾಗರಕ್ಕೆ ಇಳಿಸಿದ. ಸೀಮೆಎಣ್ಣೆಯಿಂದ ನಡೆಯುವ ಯಂತ್ರ ಅದು. ದೋಣಿಯ ಒಡಲಿನ ಬಹುಭಾಗವೆಲ್ಲ ಎಣ್ಣೆಯ ತೊಟ್ಟಿಗಳೇ. ದಾರಿಯಲ್ಲಿ ತೊಟ್ಟಿಗಳು ಸೋರಿದವು. ಅಪ್ಪ ಮಗ ಮಲಗುವ ಜಾಗವೆಲ್ಲ ಸೀಮೆಎಣ್ಣೆಯಲ್ಲಿ ನೆನೆಯಿತು. ಆದರೂ 36 ದಿನಗಳಲ್ಲಿ ಅವರು ಇಂಗ್ಲೆಂಡಿನ ಫಾಲ್ಮತ್ ಬಂದರನ್ನು ಮುಟ್ಟಿದರು. ಯಂತ್ರದ ಬಲದಿಂದ ಅಟ್ಲಾಂಟಿಕ್ಕನ್ನು ದಾಟಿದ ಮೊದಲ ಸಣ್ಣ ದೋಣಿಯೆಂಬ ಕೀರ್ತಿ ಅದಕ್ಕೆ ಬಂತು. ಕೀರ್ತಿ ಯಂತ್ರಕ್ಕೆ ಸಂದಿತು. ಅವರನ್ನು ದಾರಿಯುದ್ದಕ್ಕೂ ಪೀಡಿಸಿದ್ದು ಯಂತ್ರವಷ್ಟೇ ಅಲ್ಲ, ಎಣ್ಣೆ ತುಂಬಿದ ಪಾತ್ರೆ. ದೂರ ಹೋಗುವ ದೋಣಿಗಳ ಚರಿತ್ರೆಯಲ್ಲಿ ಈ ಪಾತ್ರೆಯ ಕಥೆಯನ್ನು ಯಾರೂ ಅಷ್ಟಾಗಿ ಹೇಳಿಲ್ಲ.

ಪಾತ್ರೆಯ ಕಥೆ ಎಷ್ಟು ಗಂಭೀರವಾದದ್ದೆಂಬುದನ್ನು ತಿಳಿಯಬೇಕಾದರೆ ಎರಡನೆಯ ಮಹಾಯುದ್ಧದ ಒಂದು ರಾತ್ರಿಗೆ ಹೋಗಬೇಕು.

1942ರ ಮಾರ್ಚ್ ತಿಂಗಳು. ಫಿಲಿಪ್ಪೀನ್ ದ್ವೀಪಗಳಲ್ಲಿ ಅಮೆರಿಕದ ಸೇನೆ ಜಪಾನೀಯರ ಮುತ್ತಿಗೆಗೆ ಸಿಕ್ಕಿ ಸವೆಯುತ್ತಿತ್ತು. ಮನಿಲಾ ಕೊಲ್ಲಿಯ ಬಾಯಲ್ಲಿರುವ ಕೊರೆಗಿಡಾರ್ ಎಂಬ ಬಂಡೆಯ ದ್ವೀಪದಲ್ಲಿ ಜನರಲ್ ಡಗ್ಲಸ್ ಮೆಕಾರ್ಥರ್ ಕುಳಿತಿದ್ದರು. ದ್ವೀಪವನ್ನು ಬಿಟ್ಟು ಆಸ್ಟ್ರೇಲಿಯಕ್ಕೆ ಹೋಗಬೇಕೆಂದು ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆಯಾಯಿತು. ಸುತ್ತಲೂ ಶತ್ರುವಿನ ನೌಕೆಗಳು. ಮೆಕಾರ್ಥರ್ ಆರಿಸಿಕೊಂಡದ್ದು ಟಾರ್ಪಿಡೊ ದೋಣಿಗಳನ್ನು. ಲೆಫ್ಟಿನೆಂಟ್ ಜಾನ್ ಬಲ್ಕ್‌ಲಿ ಎಂಬ ತರುಣ ಅಧಿಕಾರಿಯ ಕೈಯಲ್ಲಿ ಅಂಥ ಆರು ದೋಣಿಗಳಿದ್ದವು. ಆ ಹೊತ್ತಿಗೆ ಉಳಿದವು ನಾಲ್ಕೇ. ಅವೂ ಬಡಕಲಾಗಿದ್ದವು. ಹಿಂದಿನ ಡಿಸೆಂಬರ್ 10ರಂದು ಕವೀಟೆಯ ನೌಕಾಕಟ್ಟೆಯ ಮೇಲೆ ಬಾಂಬು ಬಿದ್ದಾಗ ಬದಲಿ ಯಂತ್ರಭಾಗಗಳೆಲ್ಲ ಸುಟ್ಟುಹೋಗಿದ್ದವು.

ಆ ದೋಣಿಗಳ ಸ್ವರೂಪವನ್ನು ಸ್ವಲ್ಪ ಹೇಳಬೇಕು. 77 ಅಡಿ ಉದ್ದ, ಮರದ ಮೈ, ಒಳಗೆ ಮೂರು ಪ್ಯಾಕರ್ಡ್ ಯಂತ್ರಗಳು. ವಿಮಾನಕ್ಕೆ ಹಾಕುವ ಉತ್ತಮ ಪೆಟ್ರೋಲು ಅವಕ್ಕೆ ಆಹಾರ. ತೊಟ್ಟಿಗಳಲ್ಲಿ ಸುಮಾರು 3,000 ಅಮೆರಿಕನ್ ಗ್ಯಾಲನ್ ಹಿಡಿಯುತ್ತಿತ್ತು. ಆದರೆ ಪೂರ್ಣ ವೇಗದಲ್ಲಿ ಓಡಿದರೆ ಗಂಟೆಗೆ ನೂರಾರು ಗ್ಯಾಲನ್ ಕುಡಿಯುವ ಯಂತ್ರಗಳವು. ಬಂದರಿನಿಂದ ಚಂಗನೆ ಹಾರಿ ಹೊಡೆದು ಬೆಳಗಾಗುವುದರೊಳಗೆ ಮನೆ ಸೇರುವುದು ಅವುಗಳ ಕೆಲಸವೇ ಹೊರತು ದೂರದ ಯಾತ್ರೆಯಲ್ಲ. ಈಗ ಅವು ದಕ್ಷಿಣದ ಮಿಂಡನಾವೊ ದ್ವೀಪದವರೆಗೆ, ಸುಮಾರು 560 ಮೈಲಿ ಹೋಗಬೇಕಾಗಿತ್ತು. ದಾರಿಯಲ್ಲಿ ಎಣ್ಣೆ ಕೊಡುವವರು ಯಾರೂ ಇಲ್ಲ.

ಬಲ್ಕ್‌ಲಿ ಮಾಡಿದ ಏರ್ಪಾಡು ಸರಳವಾದದ್ದು. ಪ್ರತಿಯೊಂದು ದೋಣಿಯ ಡೆಕ್ಕಿನ ಮೇಲೆ 20 ಪೀಪಾಯಿ ಪೆಟ್ರೋಲು ಹೇರಿಸಿದ. ಒಂದೊಂದರಲ್ಲಿ 55 ಗ್ಯಾಲನ್. ಒಟ್ಟಿಗೆ 1,100 ಗ್ಯಾಲನ್, ಅಂದರೆ ನಾಲ್ಕು ಸಾವಿರ ಲೀಟರಿಗೂ ಮೇಲು. ಎಣ್ಣೆಯ ತೂಕವೇ ಮೂರು ಟನ್ ಆಯಿತು. ಉಕ್ಕಿನ ಪೀಪಾಯಿಗಳ ತೂಕ ಬೇರೆ. ಇಷ್ಟು ಭಾರ ಕುಳಿತದ್ದು ದೋಣಿಯ ತಳದಲ್ಲಲ್ಲ, ನೆತ್ತಿಯ ಮೇಲೆ. ತಲೆಯ ಮೇಲೆ ಮೂಟೆ ಹೊತ್ತವನು ಕೆರೆಯ ಏರಿಯ ಮೇಲೆ ನಡೆದಂತೆ ಅದು. ಜೊತೆಗೆ ಡೆಕ್ಕಿನ ಮೇಲೆ ಟಾರ್ಪಿಡೊಗಳು, ಮೆಷಿನ್‌ಗನ್ನುಗಳು, ಪ್ರಯಾಣಿಕರು. ಒಂದೇ ಒಂದು ಗುಂಡು ಪೀಪಾಯಿಗೆ ತಗಲಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೆಕಾರ್ಥರ್ ಹತ್ತಿದ 41ನೆಯ ಸಂಖ್ಯೆಯ ದೋಣಿಯಲ್ಲಿ ಅವರ ಹೆಂಡತಿಯೂ ನಾಲ್ಕು ವರ್ಷದ ಮಗನೂ ಇದ್ದರು.

ಮಾರ್ಚ್ 11ರ ಸಂಜೆ ಕತ್ತಲಾದ ಮೇಲೆ ಹೊರಟರು. ಕಡಲು ಕೆಟ್ಟಿತ್ತು. ಪ್ರಯಾಣಿಕರು ವಾಂತಿ ಮಾಡಿಕೊಂಡು ಬಿದ್ದುಕೊಂಡರು. ರಾತ್ರಿಯಲ್ಲಿ ನಾಲ್ಕು ದೋಣಿಗಳೂ ಒಂದನ್ನೊಂದು ಕಳೆದುಕೊಂಡವು. ಕೂಯೊ ದ್ವೀಪಗಳ ಬಳಿ ಎಲ್ಲರೂ ಸೇರಬೇಕೆಂದು ಮೊದಲೇ ಗೊತ್ತುಮಾಡಿದ್ದರು. ಬೆಳಗಿನ ಮಬ್ಬಿನಲ್ಲಿ 32ನೆಯ ದೋಣಿಯವರಿಗೆ ಹಿಂದಿನಿಂದ ಏನೋ ಒಂದು ವೇಗವಾಗಿ ಬರುತ್ತಿರುವುದು ಕಂಡಿತು. ಜಪಾನೀ ಡಿಸ್ಟ್ರಾಯರ್ ಎಂದೇ ಅವರು ತಿಳಿದರು. ಓಡಬೇಕು, ಓಡಲು ಭಾರ ಇಳಿಯಬೇಕು. ಡೆಕ್ಕಿನ ಮೇಲಿದ್ದ ಪೆಟ್ರೋಲಿನ ಪೀಪಾಯಿಗಳನ್ನು ಒಂದೊಂದಾಗಿ ಕಡಲಿಗೆ ಉರುಳಿಸಿಬಿಟ್ಟರು. ಓಡಿದರೂ ತಪ್ಪಿಸಿಕೊಳ್ಳಲಾರೆವೆಂದು ತೋರಿದಾಗ ಟಾರ್ಪಿಡೊ ಬಿಡಲು ಸಿದ್ಧರಾದರು. ಇನ್ನೇನು ಬಿಡಬೇಕು ಎನ್ನುವಾಗ ಬೆಳಕು ಹರಿಯಿತು, ಬರುತ್ತಿರುವುದು ಯಾವ ದೋಣಿಯೆಂದು ಗುರುತು ಸಿಕ್ಕಿತು. ಅದು 41ನೆಯ ದೋಣಿ. ಅದರಲ್ಲಿದ್ದವರು ಸ್ವತಃ ಮೆಕಾರ್ಥರ್!

ಈ ಪ್ರಸಂಗವನ್ನು ಹೇಳುವವರು ಸೇನಾಪತಿ ಕೂದಲೆಳೆಯಲ್ಲಿ ಉಳಿದದ್ದನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕಡಲಿಗೆ ಉರುಳಿದ ಪೀಪಾಯಿಗಳು. 32ನೆಯ ದೋಣಿಗೆ ಮುಂದೆ ಹೋಗುವಷ್ಟು ಎಣ್ಣೆ ಉಳಿಯಲಿಲ್ಲ. ಅದರಲ್ಲಿದ್ದ ಪ್ರಯಾಣಿಕರನ್ನು ಬೇರೆ ದೋಣಿಗಳಿಗೆ ಹತ್ತಿಸಿಕೊಂಡರು. ನಾವಿಕರು ಆ ಪುಟ್ಟ ದ್ವೀಪದ ಬಳಿಯಲ್ಲೇ ಉಳಿದರು. ಆಮೇಲೆ ‘ಪರ್ಮಿಟ್’ ಎಂಬ ಸಬ್‌ಮೆರೀನ್ ಬಂದು ಅವರನ್ನು ಹತ್ತಿಸಿಕೊಂಡು, ಶತ್ರುವಿನ ಕೈಗೆ ಬೀಳಬಾರದೆಂದು ದೋಣಿಯನ್ನು ಗುಂಡಿಟ್ಟು ಮುಳುಗಿಸಿತು. ಮೆಕಾರ್ಥರ್ 13ರ ಬೆಳಿಗ್ಗೆ ಮಿಂಡನಾವೊ ತಲಪಿ, ಅಲ್ಲಿಂದ ವಿಮಾನದಲ್ಲಿ ಆಸ್ಟ್ರೇಲಿಯ ಸೇರಿದರು. ಹೀಗೆ ಅದೇ ಪೀಪಾಯಿ ಮೂವರನ್ನು ದಡ ಮುಟ್ಟಿಸಿತು, ನಾಲ್ಕನೆಯವರಿಗೆ ಎಸೆಯಲೇಬೇಕಾದ ಹೊರೆಯಾಯಿತು.

ಅದೇ ತಿಂಗಳ ಕೊನೆಗೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಇದಕ್ಕಿಂತ ಕಹಿಯಾದ ಪಾಠವಾಯಿತು. ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ದೊಡ್ಡ ಹಡಗುಕಟ್ಟೆಯನ್ನು ಒಡೆಯಲು ಮಾರ್ಚ್ 26ರಂದು ಬ್ರಿಟಿಷರ ಒಂದು ತಂಡ ಹೊರಟಿತು. ಹೊರಟದ್ದು ಫಾಲ್ಮತ್ತಿನಿಂದ, ಅಂದರೆ ಆ ತಂದೆ ಮಗ ನಲವತ್ತು ವರ್ಷಗಳ ಹಿಂದೆ ಬಂದಿಳಿದ ಅದೇ ಬಂದರು. ಸ್ಫೋಟಕ ತುಂಬಿದ ‘ಕ್ಯಾಂಬೆಲ್‌ಟೌನ್’ ಎಂಬ ಹಳೆಯ ಡಿಸ್ಟ್ರಾಯರ್ ಕಟ್ಟೆಯ ಬಾಗಿಲಿಗೆ ಗುದ್ದಬೇಕು. ಅದರ ಜೊತೆಗೆ ಸೈನಿಕರನ್ನು ಹೊತ್ತ ಸಣ್ಣ ಮರದ ದೋಣಿಗಳು ಹದಿನಾರು. ಅವೂ ಪೆಟ್ರೋಲಿನವೇ. ಹೋಗಿ ಬರುವ ದೂರಕ್ಕೆ ಎಣ್ಣೆ ಸಾಲದೆ, ಅವುಗಳ ಡೆಕ್ಕಿನ ಮೇಲೆ 500 ಗ್ಯಾಲನ್ನಿನ ಹೆಚ್ಚಿನ ತೊಟ್ಟಿಯನ್ನು ಕೂರಿಸಿದ್ದರು. 28ರ ನಡುರಾತ್ರಿ ಕಳೆದ ಮೇಲೆ ಲುವಾರ್ ನದಿಯ ಮುಖದಲ್ಲಿ ಜರ್ಮನರ ತೋಪುಗಳು ಬಾಯ್ತೆರೆದವು. ಡಿಸ್ಟ್ರಾಯರ್ ತನ್ನ ಗುರಿ ಮುಟ್ಟಿತು. ಅದೇ ದಿನ ಹಗಲಿನಲ್ಲಿ ಸಿಡಿದು ಕಟ್ಟೆಯನ್ನು ಯುದ್ಧ ಮುಗಿಯುವವರೆಗೂ ಕೆಲಸಕ್ಕೆ ಬಾರದಂತೆ ಮಾಡಿತು. ಆದರೆ ಮರದ ದೋಣಿಗಳು ಒಂದೊಂದೇ ಹೊತ್ತಿ ಉರಿದವು. ಪೆಟ್ರೋಲು ನೀರಿನ ಮೇಲೆ ಹರಡಿ, ಈಜಿ ಪಾರಾಗಬೇಕಾದವರ ಸುತ್ತ ನದಿಯೇ ಬೆಂಕಿಯಾಯಿತು. ಆರುನೂರಕ್ಕೂ ಹೆಚ್ಚು ಮಂದಿಯಲ್ಲಿ 169 ಮಂದಿ ಸತ್ತರು. ಇನ್ನೂರಕ್ಕೂ ಹೆಚ್ಚು ಜನ ಸೆರೆಯಾದರು. ಮರಳಿ ಬರುವುದಕ್ಕೆಂದು ಹೇರಿಕೊಂಡ ಎಣ್ಣೆ ಮರಳಿ ಬರುವುದಕ್ಕೆ ಅಡ್ಡ ನಿಂತಿತು.

ಇರಲಿ. ಪೀಪಾಯಿಯಲ್ಲಾಗಲಿ ತಗಡಿನ ತೊಟ್ಟಿಯಲ್ಲಾಗಲಿ ಇರುವ ದೋಷವೇನು? ಮೊದಲನೆಯದಾಗಿ, ಅದು ತುಂಬಿದ್ದಾಗ ಎಷ್ಟು ಜಾಗ ಹಿಡಿಯುತ್ತದೆಯೋ ಬರಿದಾದಾಗಲೂ ಅಷ್ಟೇ ಜಾಗ ಹಿಡಿಯುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಎಣ್ಣೆ ಇಳಿದಂತೆಲ್ಲ ಮೇಲಿನ ಖಾಲಿ ಜಾಗವನ್ನು ಗಾಳಿಯೂ ಪೆಟ್ರೋಲಿನ ಆವಿಯೂ ತುಂಬುತ್ತವೆ. ಸಿಡಿಯುವುದು ದ್ರವವಲ್ಲ, ಈ ಬೆರಕೆ ಆವಿ. ತುಂಬಿದ ಪೀಪಾಯಿಗಿಂತ ಮುಕ್ಕಾಲು ಬರಿದಾದ ಪೀಪಾಯಿಯೇ ಹೆಚ್ಚು ಅಪಾಯಕರವೆಂಬುದು ಮೇಲ್ನೋಟಕ್ಕೆ ಸೋಜಿಗವಾಗಿ ಕಂಡರೂ ನಿಜ. ಮೂರನೆಯದು ನೀರು ಹೊರುವ ಹೆಂಗಸರೆಲ್ಲ ಬಲ್ಲ ಸಂಗತಿ: ತುಂಬಿದ ಕೊಡ ತುಳುಕುವುದಿಲ್ಲ, ಅರ್ಧ ಕೊಡ ತುಳುಕುತ್ತದೆ. ಅಗಲವಾದ ತೊಟ್ಟಿಯಲ್ಲಿ ಅರ್ಧ ಎಣ್ಣೆಯಿದ್ದು ದೋಣಿ ಎಡಕ್ಕೆ ವಾಲಿದರೆ ಎಣ್ಣೆಯೆಲ್ಲ ಎಡಕ್ಕೇ ಹರಿದು, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ.

ಬರಿದಾದಂತೆ ತಾನೂ ಕುಗ್ಗುವ ಪಾತ್ರೆ ಇದ್ದಿದ್ದರೆ? ಇಂಥ ಪಾತ್ರೆ ಹೊಸದೇನಲ್ಲ. ಲೋಹದ ಪಾತ್ರೆಗಿಂತ ಹಳೆಯದು. ಪಖಾಲಿಯಲ್ಲಿ ನೀರು ಹೊತ್ತು ಬೀದಿಗೆ ಚಿಮುಕಿಸುತ್ತಿದ್ದವರನ್ನು ಕಂಡ ಹಿರಿಯರುಂಟು. ತುಂಬಿದಾಗ ಕುರಿಯಷ್ಟು ದಪ್ಪಗಿದ್ದ ತೊಗಲು, ಬರಿದಾದ ಮೇಲೆ ಹೆಗಲ ಮೇಲಿನ ವಲ್ಲಿಯಂತೆ ಮಡಿಸಿಕೊಳ್ಳುತ್ತಿತ್ತು. ನಮ್ಮ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದಾಗ ನೀರನ್ನು ಮೇಲೆತ್ತಿದ್ದೂ ತೊಗಲೇ. ಆದರೆ ನೀರಿಗೆ ಸಲ್ಲುವ ತೊಗಲು ಪೆಟ್ರೋಲಿಗೆ ಸಲ್ಲದು. ರಬ್ಬರಂತೂ ಸಲ್ಲಲೇ ಸಲ್ಲದು. ಮರದಿಂದ ಬರುವ ರಬ್ಬರು ಪೆಟ್ರೋಲು ಸೋಕಿದರೆ ಹೀರಿಕೊಂಡು ಊದುತ್ತದೆ. ಎಣ್ಣೆಯ ಚೀಲ ಇಷ್ಟು ತಡವಾಗಿ ಹುಟ್ಟಿದ್ದಕ್ಕೆ ಕಾರಣ ಇದು. 1930ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಎಣ್ಣೆಗೆ ಜಗ್ಗದ ನೈಟ್ರೈಲ್ ಎಂಬ ಕೃತಕ ರಬ್ಬರನ್ನು ತಯಾರಿಸಿದ ಮೇಲೆ ದಾರಿ ತೆರೆಯಿತು.

ದಾರಿ ಮೊದಲು ತೆರೆದದ್ದು ಕಡಲಿಗಲ್ಲ, ಆಕಾಶಕ್ಕೆ. ಯುದ್ಧವಿಮಾನದ ರೆಕ್ಕೆಯೊಳಗೆ ಲೋಹದ ತೊಟ್ಟಿಗೆ ಬದಲಾಗಿ ರಬ್ಬರಿನ ಚೀಲಗಳನ್ನು ತುರುಕಿದರು. ಅದರಲ್ಲೊಂದು ಜಾಣತನವುಂಟು. ಒಳಪದರ ಎಣ್ಣೆಗೆ ಜಗ್ಗದ ಕೃತಕ ರಬ್ಬರು. ಅದರ ಹೊರಗೊಂದು ಪದರ ಮರದ ರಬ್ಬರು. ಗುಂಡು ತೂರಿಹೋದರೆ ತೂತಿನಿಂದ ಸೋರಿದ ಪೆಟ್ರೋಲು ಮರದ ರಬ್ಬರಿಗೆ ಸೋಕಿ, ಅದು ಊದಿ, ತೂತು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಯಾವ ಅವಗುಣದಿಂದ ರಬ್ಬರು ಬೇಡವಾಗಿತ್ತೋ ಅದೇ ಅವಗುಣ ಇಲ್ಲಿ ಕಾವಲುಗಾರನಾಯಿತು. ಯುದ್ಧ ಮುಗಿದ ಮೇಲೆ ಸೇನೆಗಳು ನೆಲದ ಮೇಲೆ ದಿಂಬಿನಾಕಾರದ ದೊಡ್ಡ ಚೀಲಗಳನ್ನು ಹಾಸಿ ಎಣ್ಣೆಯ ಉಗ್ರಾಣ ಮಾಡತೊಡಗಿದವು.

ಕಡಲಿನ ಮೇಲೆ ಎಣ್ಣೆಯ ಚೀಲದ ದೊಡ್ಡ ಕಲ್ಪನೆ ಬಂದದ್ದು ಸೂಯೆಜ್ ಬಿಕ್ಕಟ್ಟಿನಿಂದ. 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ವರ್ಷದ ಕೊನೆಗೆ ಕಾಳಗವಾಗಿ ಕಾಲುವೆ ಮುಚ್ಚಿಹೋಯಿತು. ಎಣ್ಣೆಯ ಹಡಗುಗಳು ಆಫ್ರಿಕದ ತುದಿಯನ್ನು ಬಳಸಿ ಬರಬೇಕಾಯಿತು. ಬ್ರಿಟನ್ನಿನಲ್ಲಿ ಡಿಸೆಂಬರಿನಿಂದ ಪೆಟ್ರೋಲಿಗೆ ರೇಷನ್ ಬಂತು. ಆಗ ಕೇಂಬ್ರಿಡ್ಜಿನ ಪ್ರಾಧ್ಯಾಪಕ ವಿಲಿಯಂ ಹಾಥಾರ್ನ್ ಒಂದು ವಿಚಿತ್ರವಾದ ಯೋಚನೆ ಮಾಡಿದರು. ಯುದ್ಧಕಾಲದಲ್ಲಿ ಫ್ರಾಂಕ್ ವ್ಹಿಟ್ಲ್ ಅವರ ಜೆಟ್ ಯಂತ್ರದ ದಹನಕೋಶವನ್ನು ಸರಿಪಡಿಸಿದವರು ಇವರು. ಎಣ್ಣೆ ನೀರಿಗಿಂತ ಹಗುರ. ಅದು ತಾನಾಗಿಯೇ ತೇಲುತ್ತದೆ. ಹಾಗಿರುವಾಗ ಅದನ್ನು ತೇಲಿಸಲು ಉಕ್ಕಿನ ಹಡಗೇಕೆ? ನೈಲಾನ್ ಬಟ್ಟೆಗೆ ಕೃತಕ ರಬ್ಬರು ಬಳಿದು ಉದ್ದನೆಯ ಚೀಲ ಮಾಡಿ, ಎಣ್ಣೆ ತುಂಬಿ, ಹಗ್ಗ ಕಟ್ಟಿ ದೋಣಿಯ ಹಿಂದೆ ಎಳೆದರಾಯಿತು. ಬರಿದಾದ ಮೇಲೆ ಸುರುಳಿ ಸುತ್ತಿ ಡೆಕ್ಕಿನ ಮೇಲಿಟ್ಟುಕೊಂಡು ಬರಬಹುದು.

ಈ ಚೀಲಕ್ಕೆ ಅವರಿಟ್ಟ ಹೆಸರು ‘ಡ್ರಾಕೋನ್’. ಗ್ರೀಕ್ ಭಾಷೆಯಲ್ಲಿ ಹಾವೆಂದು ಅರ್ಥ. ಹೆಸರಿಗೆ ತಕ್ಕಂತೆ ಎಳೆದಾಗ ಅದು ಹಾವಿನಂತೆಯೇ ಹೊರಳಾಡಿತು! ವೇಗ ಹೆಚ್ಚಿದಂತೆ ಬಾಲ ಎಡಬಲಕ್ಕೆ ಬಡಿಯತೊಡಗಿತು. ಕಟ್ಟೆಯ ಮೇಲೆ ನಿಂತು ನೋಡುವವರಿಗೆ ಇದು ವಿನೋದ, ಎಳೆಯುವವರಿಗೆ ಸಂಕಟ. ಗಟ್ಟಿಯಾದ ವಸ್ತು ನೀರಿನಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಗಣಿತವಿತ್ತು. ಮೆತ್ತಗಿನ ಚೀಲಕ್ಕೆ ಇರಲಿಲ್ಲ. ಹಾಥಾರ್ನರೂ ಆಮೇಲೆ ಬಂದ ಇತರರೂ ಕುಳಿತು ಆ ಗಣಿತವನ್ನು ಬೆಳೆಸಬೇಕಾಯಿತು. ಮುಂದೆ ಡ್ರಾಕೋನ್ ಎಣ್ಣೆಗೆ ಮಾತ್ರವಲ್ಲದೆ ಸಿಹಿನೀರು ಸಾಗಿಸಲೂ, ಕಡಲಿನಲ್ಲಿ ಚೆಲ್ಲಿದ ಎಣ್ಣೆಯನ್ನು ಬಾಚಿ ತುಂಬಲೂ ಬಳಕೆಗೆ ಬಂತು. ಸೂಯೆಜಿನ ಎಣ್ಣೆಹಡಗನ್ನು ಅದು ಓಡಿಸಲಿಲ್ಲ. 1957ರಲ್ಲಿ ಕಾಲುವೆ ತೆರೆಯಿತು, ಆಮೇಲೆ ಬಂದದ್ದು ಇನ್ನೂ ದೊಡ್ಡ ಉಕ್ಕಿನ ಹಡಗುಗಳ ಕಾಲ. ಆದರೂ ಆ ಯೋಚನೆಯ ಧೈರ್ಯವನ್ನು ಮೆಚ್ಚದಿರಲಾಗದು.

ಹಾಥಾರ್ನರು ಎಣ್ಣೆಯನ್ನು ದೋಣಿಯ ಹಿಂದೆ ಎಳೆಸಿದರು. ನಮ್ಮ ನೌಕಾಪಡೆಯವರು ಒಮ್ಮೆ ದೋಣಿಯನ್ನೇ ಹಡಗಿನ ಹಿಂದೆ ಎಳೆದರು. 1971ರಲ್ಲಿ ಸೋವಿಯತ್ ದೇಶದಿಂದ ಕ್ಷಿಪಣಿ ದೋಣಿಗಳು ಬಂದವು. ಅವು ತೀರದ ರಕ್ಷಣೆಗೆಂದು ಕಟ್ಟಿದವು. ಪೆಟ್ಟು ಬಲ, ಉಸಿರು ಕಡಮೆ. ಅಂಥ ಭಾರವನ್ನು ಇಳಿಸುವ ಕ್ರೇನು ಬೊಂಬಾಯಿಯಲ್ಲಿರದೆ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಕನ್ಯಾಕುಮಾರಿಯನ್ನು ಬಳಸಿ ಬೊಂಬಾಯಿಗೆ ಹಗ್ಗ ಕಟ್ಟಿ ಎಳೆದು ತಂದರು. ಹಾಗೆ ಎಳೆದು ತರುವುದು ಸಾಧ್ಯವೆಂದಾದ ಮೇಲೆ, ಈ ದೋಣಿಗಳು ತಮ್ಮ ಎಣ್ಣೆಯ ಮಿತಿಯನ್ನು ಮೀರಿ ಕರಾಚಿಯವರೆಗೂ ಹೋಗಬಲ್ಲವೆಂಬ ಯೋಚನೆ ಬಲವಾಯಿತು. ಡಿಸೆಂಬರ್ 4ರ ರಾತ್ರಿ ‘ನಿಪತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ದೋಣಿಗಳು ಕರಾಚಿಯ ಮುಂದೆ ಹೊಡೆದ ಕ್ಷಿಪಣಿಗಳ ವಿಷಯ ಓದುಗರಿಗೆ ಗೊತ್ತಿದೆ. ಜೊತೆಯಲ್ಲಿ ಹೋದ ‘ಕಿಲ್ತಾನ್’ ಹಡಗಿನ ನಾಯಕರಾಗಿದ್ದವರು ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಊರನ್ನು ಹೆಸರಿನಲ್ಲೇ ಹೊತ್ತ ಅವರಿಗೆ ಮಹಾವೀರ ಚಕ್ರ ಸಂದಿತು.

ಯುದ್ಧದ ಮಾತು ಸಾಕು. ಇಂದು ದೂರದ ಮೀನುಗಾರಿಕೆಗೂ ಸಾಗರ ದಾಟುವ ವಿಹಾರಕ್ಕೂ ಹೋಗುವ ಕೆಲವು ಸಣ್ಣ ದೋಣಿಗಳ ಡೆಕ್ಕಿನ ಮೇಲೆ ಈ ಚೀಲ ಕಾಣಸಿಗುತ್ತದೆ. ಗಟ್ಟಿ ನೂಲಿನ ಬಟ್ಟೆ, ಅದಕ್ಕೆ ಪಾಲಿಯುರಿಥೇನ್ ಲೇಪ, ತುಂಬುವ ಬಾಯೊಂದು, ಕೊಳವೆಯೊಂದು, ಕಟ್ಟಲು ಸುತ್ತಲೂ ಕುಣಿಕೆಗಳು. ಕ್ಯಾಲಿಫೋರ್ನಿಯದಿಂದ ಹವಾಯಿಗೆ ಎರಡು ಸಾವಿರಕ್ಕೂ ಹೆಚ್ಚು ಕಡಲಮೈಲಿ. ನಡುವೆ ಒಂದು ಬಂಡೆಯೂ ಇಲ್ಲ. ಅಂಥ ದಾರಿಗೆ ಹೊರಡುವವನು ವರ್ಷಕ್ಕೊಮ್ಮೆ ಬೇಕಾಗುವ ಎಣ್ಣೆಗಾಗಿ ದೋಣಿಯನ್ನು ಒಡೆದು ಹೊಸ ತೊಟ್ಟಿ ಕಟ್ಟಿಸುವುದಕ್ಕಿಂತ, ಆ ಒಂದು ಯಾತ್ರೆಗೆ ಚೀಲ ಹಾಸುವುದು ಮೇಲು. ನಮ್ಮ ಕರಾವಳಿಯ ನಾಡದೋಣಿಯವರು ಸೀಮೆಎಣ್ಣೆಗೆ ಇಂದಿಗೂ ಕ್ಯಾನನ್ನೇ ನೆಚ್ಚಿಕೊಂಡಿದ್ದಾರೆ. ಅವರ ದೂರಕ್ಕೆ ಅದು ಸಾಕು.

ಚೀಲದ ಉಪಯೋಗಕ್ಕೂ ಕ್ರಮವುಂಟು. ಬಲ್ಲವರು ಹೇಳುವ ಮೊದಲ ಮಾತು ಚೀಲದ್ದಲ್ಲ, ವೇಗದ್ದು. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಯಲ್ಲಿ ವೇಗವನ್ನು ಅರ್ಧಕ್ಕಿಳಿಸಿದರೆ ಮೈಲಿಗೆ ತಗಲುವ ಎಣ್ಣೆ ಸುಮಾರು ಕಾಲು ಪಾಲಿಗಿಳಿಯುತ್ತದೆ. ಅಷ್ಟಾದರೂ ಸಾಲದಿದ್ದರೆ ಚೀಲ. ಅದನ್ನು ಆದಷ್ಟು ತಗ್ಗಿನಲ್ಲಿ, ದೋಣಿಯ ನಡುವಿಗೆ ಸಮೀಪವಾಗಿ ಹಾಸಬೇಕು. ತುಂಬುವಾಗ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು; ಗಾಳಿ ಉಳಿದರೆ ಪೀಪಾಯಿಯ ದೋಷವೇ ಚೀಲಕ್ಕೂ ಬರುತ್ತದೆ. ಅಲೆಯ ಏಟಿಗೆ ಚೀಲ ಡೆಕ್ಕಿನ ಮೇಲೆ ಉಜ್ಜಿಕೊಳ್ಳದಂತೆ ಅಡಿಗೆ ಹಾಸು ಹಾಕಿ ಪಟ್ಟಿಗಳಿಂದ ಬಿಗಿಯಬೇಕು. ಚೀಲಗಳು ಕೆಡುವುದು ಬಹುಮಟ್ಟಿಗೆ ಉಜ್ಜಿಯೇ. ಯಂತ್ರಕ್ಕೆ ನೇರವಾಗಿ ಚೀಲದಿಂದ ಕುಡಿಸುವುದಿಲ್ಲ. ದೋಣಿಯ ತೊಟ್ಟಿಯಲ್ಲಿ ಜಾಗವಾದ ಕೂಡಲೇ, ಕಡಲು ಶಾಂತವಾಗಿರುವಾಗಲೇ, ಚೀಲದ ಎಣ್ಣೆಯನ್ನು ಸೋಸಿ ತೊಟ್ಟಿಗೆ ಇಳಿಸಿಬಿಡುತ್ತಾರೆ. ಬಿರುಗಾಳಿ ಬರುವ ಹೊತ್ತಿಗೆ ಮೇಲಿನ ಭಾರವೆಲ್ಲ ಕೆಳಗಿಳಿದಿರಬೇಕು. ಹೊತ್ತಿಕೊಳ್ಳಲು ನಿಧಾನವಾದ ಡೀಸೆಲ್ಲಿಗೆ ಇಷ್ಟು ಎಚ್ಚರಿಕೆ ಸಾಕು. ಪೆಟ್ರೋಲಿನ ಚೀಲವನ್ನು ಮಾತ್ರ ಬರಿದಾಯಿತೆಂದು ಒಡನೆಯೇ ಸುತ್ತಿ ದೋಣಿಯ ಒಳಕೋಣೆಯಲ್ಲಿ ತುರುಕುವಂತಿಲ್ಲ. ಮಡಿಕೆಗಳಲ್ಲಿ ಉಳಿದ ಆವಿ ಗಾಳಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಯಂತ್ರದ ಬಳಿ ಸೇರುತ್ತದೆ. ಅದು ಪೂರ್ತಿ ಆರುವವರೆಗೆ ಡೆಕ್ಕಿನ ಮೇಲೆಯೇ ಗಾಳಿಗೆ ಬಿಟ್ಟಿರುತ್ತಾರೆ.